ಔಟಾದವಳ ಇಂಟರ್‌ವ್ಯೂ

ಇಸ್ತ್ರಿ ಮಾಡಿ ಮಡಿಚಿದ ಎರಡು ಜೊತೆ ಯೂನಿಫಾರ್ಮನ್ನು ತಾಯಿ ತಂದು ಟೀಚರ ಮೇಜಿನ ಮೇಲಿಟ್ಟಳು. "ತಗೊಳ್ಳಿ ಮೇಡಂ. ಬೇರೆ ಯಾವುದಾದ್ರೂ ಮಗೂಗೆ ಆಗುತ್ತೆ ಅಂತ ಅವಳೇ ಕೊಟ್ಟು ಕಳಿಸಿದ್ಲು. ಆದ್ರೂ ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ತೆಗೆದುಹಾಕೋ ಮುಂಚೆ ಹೆತ್ತವಳಿಗೆ ಒಂದು ಹೇಳಬಾರ್ದಿತ್ತಾ?"

"ಯಾರನ್ನಮ್ಮಾ ತೆಗೆದುಹಾಕಿದ್ದು?"

"ಇನ್ಯಾರನ್ನ? ನಮ್ಮ ಬಂಗಾರೀನ! ಶುಕ್ರವಾರ ಎಲ್ಲರೂ ಸೇರಿ ಔಟ್ ಮಾಡಿದ್ರಂತಲ್ಲ."

ಮೂರು ದಿನದಿಂದ ಬಂಗಾರಿಯ ಜಾಗ ಖಾಲಿ ಇತ್ತು. ನೆಗಡಿಯೋ ಜ್ವರವೋ ಇರಬೇಕೆಂದು ಟೀಚರ್ ಸುಮ್ಮನಿದ್ದಳು.

ಔಟ್ ಮಾಡುವ ಆಟ ಹೊಳೆದದ್ದು ಅವಳಿಗೇ. ಐದನೇ ಕ್ಲಾಸಿನಲ್ಲಿ ಕಿವಿ ಕೇಳದ ಒಬ್ಬ ಹುಡುಗ, ಗಾಲಿಕುರ್ಚಿಯ ಒಬ್ಬ ಹುಡುಗಿ, ಕಲಿಯುವುದರಲ್ಲಿ ತುಂಬ ನಿಧಾನವಾದ ಬಂಗಾರಿ, ಜೊತೆಗೆ ಉಳಿದ ಇಪ್ಪತ್ನಾಲ್ಕು ತರಲೆಗಳು. ಎಲ್ಲರಿಗೂ ಒಟ್ಟಿಗೆ ಪಾಠ ಹೇಳುವುದು ಕಪ್ಪೆಗಳನ್ನು ತಕ್ಕಡಿಗೆ ಹಾಕಿದಂತೆಯೇ. ಅದಕ್ಕೇ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುವ ಟೀವಿಯ ಹಾಡಿನ ಸ್ಪರ್ಧೆಯನ್ನು ಅವಳು ಕ್ಲಾಸಿಗೆ ತಂದಳು. ಹಾಡಿನ ಬದಲು ಮಗ್ಗಿ, ಮಿಕ್ಕಿದ್ದೆಲ್ಲ ಅದೇ: ಅಂಕ, ತೀರ್ಪುಗಾರರು, ವಾರಕ್ಕೊಂದು ಎಲಿಮಿನೇಷನ್. ಮಕ್ಕಳು ಬರೆದುಹಾಕುವ ಚೀಟಿಗಳಲ್ಲಿ ಹೆಚ್ಚು ಸಲ ಹೆಸರು ಬಂದವರು ಔಟ್. ಅವರು ಮುಂದಿನ ವಾರ ಟೀಚರ ಪಕ್ಕದಲ್ಲಿ ತೀರ್ಪುಗಾರರಾಗಿ ಕೂರಬೇಕು. ಸೋತವರಿಗೇ ದೊಡ್ಡ ಕುರ್ಚಿ! ಹೆಡ್‌ಮಾಸ್ಟರು ಬೆನ್ನು ತಟ್ಟಿದ್ದೇ ತಟ್ಟಿದ್ದು, ಅವಳು ಉಬ್ಬಿದ್ದೇ ಉಬ್ಬಿದ್ದು. ಮೊದಲ ವಾರವೇ ಇಪ್ಪತ್ತೆರಡು ಚೀಟಿಗಳಲ್ಲಿ ಬಂಗಾರಿಯ ಹೆಸರು ಬಂದಾಗ, ಕುರ್ಚಿ ಸರಿಯಾದವಳಿಗೇ ಸಿಕ್ಕಿತು ಎಂದು ಖುಷಿಪಟ್ಟಳೇ ಹೊರತು, ಇಪ್ಪತ್ತೆರಡು ಮಕ್ಕಳು ಅದೇ ಹೆಸರು ಬರೆದದ್ದು ಯಾಕೆ ಎಂದು ಕೇಳಿಕೊಳ್ಳಲಿಲ್ಲ.

"ಟೀವೀಲಿ ಔಟಾದವರು ಎಲ್ಲರನ್ನೂ ತಬ್ಕೊಂಡು, ಬ್ಯಾಗ್ ಹಿಡ್ಕೊಂಡು ಮನೆಗೆ ಹೋಗ್ತಾರಲ್ಲ ಮೇಡಂ? ಹಾಗೇ ಬಂದಿದಾಳೆ," ಎಂದಳು ತಾಯಿ.

ಹೌದು, ಅಂದು ಎಲ್ಲರ ಚಪ್ಪಾಳೆಯ ನಡುವೆ ಬಂಗಾರಿ ಒಬ್ಬೊಬ್ಬರನ್ನೇ ತಬ್ಬಿಕೊಂಡಿದ್ದಳು. ಎಷ್ಟು ಮುದ್ದಾಗಿದೆ ಎಂದು ಟೀಚರ್ ಫೋಟೋ ತೆಗೆದು ಹೆಡ್‌ಮಾಸ್ಟರಿಗೂ ಕಳಿಸಿದ್ದಳು. ಈಗ ಅದು ನೆನಪಾದದ್ದೇ, ಚಪ್ಪಲಿ ಮೆಟ್ಟಿಕೊಂಡು, ತಾಯಿಯ ಹಿಂದೆಯೇ ಹೊರಟಳು.

ಹೊಲಿಗೆ ಮಿಷನ್ನು ಅರ್ಧ ಜಾಗ ತಿಂದಿದ್ದ ಆ ಒಂಟಿ ಕೋಣೆಯಲ್ಲಿ, ಬಾಗಿಲು ತೆರೆದ ಬಂಗಾರಿ ಕುಣಿದಾಡಿಬಿಟ್ಟಳು. "ಬಂದ್ರಾ ಮಿಸ್! ನಂಗೊತ್ತಿತ್ತು ಬರ್ತೀರ ಅಂತ. ಇಂಟರ್‌ವ್ಯೂ ಅಲ್ವಾ?" ಟೀವಿಯವರು ಔಟಾದವರ ಮನೆಗೆ ಮೈಕ್ ಹಿಡಿದು ಬರುತ್ತಾರಲ್ಲ! ಅವಳು ಓಡಿಹೋಗಿ ಬಾಚಣಿಗೆ ತಂದು ಟೀಚರ ಕೈಗಿಟ್ಟಳು. ಸ್ಟೂಲಿನ ಮೇಲೆ ಕೂತು ಕೂದಲು ಸರಿ ಮಾಡಿಕೊಂಡಳು. "ಕೇಳಿ ಮಿಸ್."

"ಪುಟ್ಟಾ, ಅದು ಬರೀ ಆಟ ಕಣೇ. ನೀನು ನಾಳೆ ಸ್ಕೂಲಿಗೆ ಬಾ."

"ಔಟಾದ್ಮೇಲೆ ಹೇಗೆ ಬರೋದು? ಅದು ಮೋಸ!" ಬಂಗಾರಿ ನಕ್ಕು, ಬಾಚಣಿಗೆಯನ್ನು ಟೀಚರ ಬಾಯಿಯ ಹತ್ತಿರಕ್ಕೆ ತಳ್ಳಿದಳು. "ಮೈಕ್ ಹಿಡ್ಕೊಂಡು ಕೇಳಿ. ಬೇಜಾರಾಯ್ತಾ ಅಂತ ಕೇಳಿ."

ಟೀಚರ್ ತಾಯಿಯ ಮುಖ ನೋಡಿದಳು. ತಾಯಿ ಮಿಷನ್ನಿನ ಕಡೆ ತಿರುಗಿಕೊಂಡಳು. ಬೇರೆ ದಾರಿ ಕಾಣಲಿಲ್ಲ. ಟೀಚರ್ ಬಾಚಣಿಗೆಗೆ ಹೇಳಿದಳು: "ಔಟಾದಾಗ... ಬೇಜಾರಾಯ್ತಾ, ಬಂಗಾರಿ?"

"ಇಲ್ಲ ಮಿಸ್. ಮುಂಚಿನ ಎರಡು ಸ್ಕೂಲಲ್ಲೂ ನನ್ನ ಔಟ್ ಮಾಡಿದ್ರು," ಎಂದಳು ಬಂಗಾರಿ, ಎದುರಿನ ಗೋಡೆಯನ್ನು ನೋಡುತ್ತ, ಕಲಿತ ಪಾಠ ಒಪ್ಪಿಸುವ ಹಾಗೆ. "ಅಲ್ಲಿ ಯಾರೂ ಚಪ್ಪಾಳೆ ತಟ್ಟಿರ್ಲಿಲ್ಲ. ನಿಮ್ಮ ಸ್ಕೂಲೇ ಒಳ್ಳೇದು."