ಗಂಟೆ ಕದ್ದ ಕಳ್ಳ

ಸಾವಂತ್ರಮ್ಮ ಅವರೆಕಾಳು ಹಿದುಕುತ್ತಿದ್ದರು. ಎದುರಿಗೆ ಯಜಮಾನರು ಆಲ್ಬಮ್ ಬಿಚ್ಚಿಕೊಂಡು ಕೂತಿದ್ದರು. ನೂರು ವರ್ಷದ ಹಿಂದೆ ಚಿಲ್ಲರೆಗೆ ಬರ ಬಂದಾಗ ಜರ್ಮನಿಯ ಒಂದು ಊರು ತಾನೇ ಅಚ್ಚು ಹಾಕಿಸಿದ ಕಾಗದದ ನೋಟುಗಳು ಅದರಲ್ಲಿದ್ದವು. ಒಟ್ಟು ಆರು ನೋಟು; ಆರೂ ಸೇರಿದರೆ ಗಂಟೆ ಕದ್ದ ಕಳ್ಳನ ಚಿತ್ರಕಥೆ. ಯಜಮಾನರ ಬಳಿ ಮೊದಲ ಐದಿದ್ದವು. ಕೊನೆಯದು ಸಾವಂತ್ರಮ್ಮನ ಅಣ್ಣನ ಬಳಿ. ಅದನ್ನು ಕೊಡಲಿಲ್ಲವೆಂದು ಗಂಡಸರಿಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷ.

“ಕಳ್ಳ ಸಿಕ್ಕಿಬಿದ್ನೋ ಇಲ್ವೋ ಗೊತ್ತಿಲ್ದೆ ನೀವು ಮುದುಕರಾದ್ರಿ. ಕದ್ದಿದ್ದೇನು ಅಂತ ಗೊತ್ತಿಲ್ದೆ ನಮ್ಮಣ್ಣ ಮುದುಕನಾದ,” ಎಂದು ಆಕೆ ನಕ್ಕರು. “ಅವನಿಗೇಂತ ಎಂದೋ ಬರೆದು ಕಳಿಸದೆ ಇಟ್ಟ ಆ ಕಾಗದನಾದ್ರೂ ಕಳಿಸ್ಬಾರ್ದೇ?”

“ಮೊದಲು ನಿಮ್ಮಣ್ಣ ಸೋಲಲಿ ಕಣೆ.”

“ಅವನಿಗೆ ಕಣ್ಣು ಮಂಜಾಗ್ತಾ ಇದೆಯಂತೆ. ಇನ್ನಾರು ತಿಂಗಳು ಕಂಡ್ರೆ ಹೆಚ್ಚು ಅಂದ್ರಂತೆ ಡಾಕ್ಟ್ರು.”

ಆಕೆ ಸಿಪ್ಪೆ ಚೆಲ್ಲಿ ಬರುವಷ್ಟರಲ್ಲಿ ಯಜಮಾನರು ಲಕೋಟೆಗೆ ವಿಳಾಸ ಬರೆಯುತ್ತಿದ್ದರು.

“ಕಣ್ಣು ಹೋಗೋದ್ರೊಳಗೆ ಆರನೇದು ಕಿತ್ಕೊಳ್ಳೋ ಉಪಾಯಾನಾ?”

“ಹೂಂ. ಸುಮ್ನೆ ಅಂಟು ಕೊಡು.”

ಅವರು ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕಲು ಹೋದ ಮೇಲೆ ಸಾವಂತ್ರಮ್ಮ ಆಲ್ಬಮ್ ಎತ್ತಿಡಲು ಬಂದರು. ಐದು ನೋಟೂ ಅದರಲ್ಲಿರಲಿಲ್ಲ.