ಲ್ಯಾನ್ಯಾರ್ಡಿನ ಶಪಥ

ನಾಡಿನ ಭವಿಷ್ಯವನ್ನೇ ನಿರ್ಧರಿಸುವ ಸಭೆಯೊಂದು ಅಂದು ಹನ್ನೊಂದಕ್ಕೆ ಸೇರಲಿತ್ತು. ಐಡಿ ಕಾರ್ಡನ್ನು ಕೊರಳಿಗೆ ನೇತುಹಾಕುವ ದಾರಕ್ಕೆ ಇಂಗ್ಲಿಷಿನವರು ಲ್ಯಾನ್ಯಾರ್ಡ್ ಎನ್ನುತ್ತಾರೆ, ಕನ್ನಡದಲ್ಲಿ ಏನೆನ್ನಬೇಕು? ಎರಡು ವರ್ಷದಿಂದ ಅದರ ಬೆನ್ನು ಹತ್ತಿದ್ದ ನಂಜರಾಜಯ್ಯನವರು ಇಂದೂ ಬಂದು ಹೇಳದಿದ್ದರೆ, ಪದವನ್ನೇ ಕೈಬಿಟ್ಟು ನಿಘಂಟನ್ನು ಅಚ್ಚಿಗೆ ಕಳಿಸುವುದಾಗಿ ನಿಘಂಟು ಸಮಿತಿಯ ಅಧ್ಯಕ್ಷರು ಗುಡುಗಿದ್ದರು. ನಂಜರಾಜಯ್ಯ ಹತ್ತು ನಿಮಿಷ ಮೊದಲೇ ಕಚೇರಿಯ ಗೇಟಿಗೆ ಬಂದರು.

"ಐಡಿ ಕಾರ್ಡ್ ಎಲ್ಲೈತ್ರಿ ಸರ?" ಹೊಸ ಕಾವಲುಗಾರ ಭರಮಪ್ಪ ಅಡ್ಡ ನಿಂತ.

"ಮನೇಲಿದೆ. ಆ ದಾರಕ್ಕೊಂದು ಕನ್ನಡದ ಹೆಸರು ಸಿಗೋವರೆಗೂ ಕೊರಳಿಗೆ ಹಾಕ್ಕೊಳ್ಳಲ್ಲ ಅಂತ ಶಪಥ ಮಾಡಿದ್ದೀನಪ್ಪ. ಇವತ್ತು ಒಳಗೆ ಅದೇ ತೀರ್ಮಾನ. ಬಿಡು."

"ಕೊರಳಾಗ ಕಾರ್ಡ್ ಇಲ್ದವರನ್ನ ಬಿಡಬ್ಯಾಡ ಅಂತ ಆರ್ಡರ್ ಐತ್ರಿ."

ನಂಜರಾಜಯ್ಯ ವಾಚು ನೋಡಿದರು, ಗೇಟು ಅಲುಗಿಸಿದರು, ಮತ್ತೆ ವಾಚು ನೋಡಿದರು. ಕೊನೆಗೆ ಲ್ಯಾನ್ಯಾರ್ಡಿನ ಪಾಠವನ್ನೇ ಶುರುಮಾಡಿದರು: ಹಳೆಯ ಫ್ರೆಂಚಿನಲ್ಲಿ ಅದು ಚರ್ಮದ ಪಟ್ಟಿ, ಆಮೇಲೆ ಹಡಗಿನ ಹಗ್ಗ, ಆಮೇಲೆ ಪೊಲೀಸರ ಸೀಟಿಯ ದಾರ...

"ತೋಪಿಂದು ಹೇಳೋದೇ ಬಿಟ್ರಲ್ರೀ," ಎಂದ ಭರಮಪ್ಪ. "ಫೌಜಿನಾಗ ಹದಿನೈದು ವರ್ಷ ತೋಪು ಹಾರಿಸೀನಿ. ಅದನ್ನ ಹಾರಿಸಾಕ ಜಗ್ಗೋ ಹಗ್ಗಕ್ಕೂ ಲ್ಯಾನ್ಯಾರ್ಡ್ ಅಂತಿದ್ವಿ."

ತಮ್ಮ ಕಣ್ತಪ್ಪಿಸಿಕೊಂಡಿದ್ದ ಅರ್ಥ! ನಂಜರಾಜಯ್ಯ ಬರೆದುಕೊಂಡರು. "ನಿನ್ನ ಹೆಸರನ್ನೂ ನಿಘಂಟಲ್ಲಿ ಹಾಕಿಸ್ತೀನಿ ಕಣಯ್ಯ. ಆಗಲೇ ಹನ್ನೊಂದಾಯ್ತು, ಈಗಲಾದ್ರೂ ಬಿಡ್ತೀಯಾ?"

"ಅದ್ಹೆಂಗ್ರೀ ಸರ? ಕೊರಳಾಗ ಲ್ಯಾನ್ಯಾರ್ಡ್ ಇಲ್ಲಲ್ಲ."

ನಿಘಂಟು ಆ ಪದವಿಲ್ಲದೆ ಅಚ್ಚಿಗೆ ಹೋಯಿತು.