ನಾರು ತಂದವಳು

"ನಾರು ಇಲ್ಲಿ ಕೊಡಮ್ಮ," ಎಂದು ಮದುಮಗಳ ತಾಯಿ ಭಾಗೀರಥಿ ಆಂಟಿ ಒಂದು ಕೈ ಚಾಚಿದರು. ಇನ್ನೊಂದು ಕೈಯಿಂದ ಸೇವಂತಿಗೆಯ ಬಕೆಟ್ಟನ್ನು ಸಂಯುಕ್ತಾಳ ಮುಂದಿನಿಂದ ಎಳೆದು ತಮ್ಮ ಪಕ್ಕಕ್ಕೆ ಇಟ್ಟುಕೊಂಡರು. "ಹೂ ಮಾತ್ರ ನೀನು ಮುಟ್ಟಬೇಡ. ನನಗೇನಿಲ್ಲಪ್ಪ. ನಾಳೆ ಧಾರೆ ಹೊತ್ತಲ್ಲಿ ಬೀಗರ ಕಡೆಯವರು ಏನಾದ್ರೂ ಅಂದ್ರೆ ನಮ್ಮ ಪ್ರಾರ್ಥನಾಗೆ ಬೇಜಾರಾಗುತ್ತೆ."

ಟ್ರುಗನಿನಾ ಬಡಾವಣೆಯ ಆ ಹೊಸ ಮನೆಯ ಗ್ಯಾರೇಜಿನಲ್ಲಿ ಚಾಪೆ ಹಾಸಿಕೊಂಡು ಕೂತಿದ್ದ ಹೆಂಗಸರೆಲ್ಲ ಬಕೆಟ್ಟನ್ನೇ ನೋಡಿದರು. ಸಂಯುಕ್ತಾ ಸಿಡ್ನಿಯಿಂದ ತಂದ ಕಟ್ಟನ್ನು ಕೊಟ್ಟು ಗೋಡೆಯ ಕಡೆ ಸರಿದಳು. ಗಂಡ ಅಜಯ್ ತೀರಿಕೊಂಡು ಎಂಟು ತಿಂಗಳಾಗಿತ್ತು.

ಫೋನ್ ಮಾಡಿ ಕೇಳಿದ್ದು ಆಂಟಿಯೇ. ಬೀಗರಿಗೆ ಬಾಳೆನಾರಿನ ಹಾರವೇ ಆಗಬೇಕಂತೆ, ನಿಮ್ಮ ಹಿತ್ತಲಲ್ಲಿ ಬಾಳೆ ಇದೆಯಲ್ಲ ಎಂದಿದ್ದರು. ಸಿಡ್ನಿಯ ಬ್ಲ್ಯಾಕ್‌ಟೌನ್‌ನ ಅವಳ ಮನೆಯ ಹಿತ್ತಲಲ್ಲಿ ಗೊನೆ ಕಡಿದಾಗಿತ್ತು. ದಿಂಡು ಕಸಕ್ಕೆ ಹೋಗುವುದಿತ್ತು. ಸಂಯುಕ್ತಾ ಅದರ ಪಟ್ಟೆಗಳನ್ನು ಒಂದೊಂದಾಗಿ ಬಿಡಿಸಿ, ಹಲಗೆಯ ಮೇಲಿಟ್ಟು, ಚಾಕುವಿನ ಬೆನ್ನಿನಿಂದ ತಿರುಳು ಹೆರೆದು, ಉಳಿದ ಎಳೆಗಳನ್ನು ತೊಳೆದು ಬಟ್ಟೆಯ ತಂತಿಯ ಮೇಲೆ ಒಣಹಾಕಿದಳು. ಆಳೆತ್ತರದ ದಿಂಡಿನಿಂದ ಸಿಕ್ಕಿದ್ದು ಒಂದು ಹಿಡಿ. ಹಾರವನ್ನೂ ತಾನೇ ಕಟ್ಟುವುದು ಎಂದುಕೊಂಡಿದ್ದಳು. ಈ ಎಂಟು ತಿಂಗಳಲ್ಲಿ ಮಾಡಬೇಕೆನ್ನಿಸಿದ ಕೆಲಸ ಅದೊಂದೇ.

ಇಲ್ಲಿ ಗ್ಯಾರೇಜಿನಲ್ಲಿ ಹಾರ ಮುಂದೆ ಸಾಗಲಿಲ್ಲ. ಒಬ್ಬಳ ಕೈಯಲ್ಲಿ ನಾರು ತುಂಡಾಯಿತು. ಇನ್ನೊಬ್ಬಳು ಎತ್ತಿ ತೋರಿಸುತ್ತಿದ್ದಂತೆ ಹೂವೆಲ್ಲ ಜಾರಿ ಮಡಿಲಿಗೆ ಬಿತ್ತು. "ಡೆಲಿವರಿ ನಾಳೇನೇ, ಇನ್ನೂ ಟೆಸ್ಟಿಂಗೇ ಪಾಸಾಗಿಲ್ಲ," ಎಂದು ಸಾಫ್ಟ್‌ವೇರ್ ಕೆಲಸದ ಅವಳು ನಕ್ಕಳು. ಆಂಟಿ ನಗಲಿಲ್ಲ.

"ನಾರನ್ನ ನೀರಲ್ಲಿ ನೆನೆಸಿಕೊಂಡು ಕಟ್ಟಿ," ಎಂದಳು ಸಂಯುಕ್ತಾ. "ಎರಡು ಹೂ ಆ ಕಡೆ, ಎರಡು ಈ ಕಡೆ. ಒಂದು ಸುತ್ತು ಹಾಕಿ, ಕುಣಿಕೆ ತೂರಿಸಿ ಎಳೀರಿ."

"ಬಾಯಲ್ಲಿ ಹೇಳಿದ್ರೆ ಹೇಗೇ ಗೊತ್ತಾಗುತ್ತೆ? ಮಾಡಿ ತೋರಿಸು," ಎಂದರು ಆಂಟಿ.

"ಹೂ ಮುಟ್ಟಬೇಡ ಅಂದ್ರಲ್ಲ ಆಂಟಿ."

ಆಂಟಿ ಎದ್ದು ಒಳಗೆ ಹೋಗಿ, ಫ್ರಿಜ್ಜಿನಿಂದ ಕೊತ್ತಂಬರಿ ಸೊಪ್ಪಿನ ಕಟ್ಟು ತಂದು ಅವಳ ಮುಂದಿಟ್ಟರು. "ಇದರಲ್ಲಿ ತೋರಿಸು."

ಸಂಯುಕ್ತಾ ತೋರಿಸಿದಳು. ಹೆಂಗಸರು ಅವಳ ಬೆರಳುಗಳನ್ನು ನೋಡಿ ನೋಡಿ ಹೂ ಕಟ್ಟಿದರು. ಅವಳು ಸೊಪ್ಪು ಕಟ್ಟುತ್ತ ಹೋದಳು. ಸಂಜೆಯ ಹೊತ್ತಿಗೆ ಸೇವಂತಿಗೆಯ ಎರಡು ಹಾರಗಳಾದವು. ಅಲ್ಲಲ್ಲಿ ಸೊಟ್ಟಗಿದ್ದರೂ ಬಿಚ್ಚಿಕೊಳ್ಳಲಿಲ್ಲ.

ಮೆಹಂದಿ ಹಚ್ಚಿದ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡು ಪ್ರಾರ್ಥನಾ ಬಾಗಿಲಿಗೆ ಬಂದಳು. ಎರಡು ಹಾರಗಳನ್ನು ದಾಟಿ ಅವಳ ಕಣ್ಣು ಗೋಡೆಯ ಕಡೆ ಹೋಯಿತು. ಅಲ್ಲಿ ಸಂಯುಕ್ತಾಳ ಮಡಿಲಲ್ಲಿ ಎರಡು ಮೊಳ ಕೊತ್ತಂಬರಿ ಒಂದೇ ಸಮನೆ, ಒತ್ತಾಗಿ ಸುರುಳಿಯಾಗಿತ್ತು.

"ಇದೇ ಎಲ್ಲಕ್ಕಿಂತ ನೀಟಾಗಿದೆ. ಯಾರಿಗಕ್ಕಾ?"

"ನಾಳೆಯ ತಿಳಿಸಾರಿಗೆ," ಎಂದಳು ಸಂಯುಕ್ತಾ.